ಗುಲ್ಮರ್ಗ್‌ನಲ್ಲಿ ಒಂದು ದಿನ: ಕೋಲಾರದ ಟೈಲರ್ ಸ್ಕೀ ಕಲಿತದ್ದು

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದ ಪಟ್ಟಿಯೇ ಸ್ಕೀ. ಅದರ ಬೂಟು ಹಾಕಿಕೊಂಡು ನೆಟ್ಟಗೆ ನಿಂತರೆ ಹೆಬ್ಬೆರಳು ಬೂಟಿನ ಮುಂಭಾಗಕ್ಕೆ ಮೆಲ್ಲಗೆ ತಾಗಬೇಕು. ಮೊಣಕಾಲು ಬಗ್ಗಿಸಿದರೆ ಅದೇ ಬೆರಳು ಸ್ವಲ್ಪ ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಮೇಲೇಳಬಾರದು. ಇಷ್ಟು ಗೊತ್ತಿದ್ದಿದ್ದರೆ ಕಾಶ್ಮೀರದ ಗುಲ್ಮರ್ಗ್‌ನಲ್ಲಿ ನನ್ನ ಬೆಳಗಿನ ಎರಡು ಗಂಟೆ ಉಳಿಯುತ್ತಿತ್ತು. ಅದಕ್ಕೇ ಮೊದಲು ಇದನ್ನೇ ಹೇಳಿಬಿಟ್ಟೆ.

ನಾನು ಕೋಲಾರದಲ್ಲಿ ಟೈಲರ್. 22 ವರ್ಷದಿಂದ ಬ್ಲೌಸ್, ಚೂಡಿದಾರ್, ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದೇನೆ. ವಯಸ್ಸು 45. ಹಿಮ ನೋಡಿದ್ದು ಟಿವಿಯಲ್ಲಿ ಮಾತ್ರ. ಬೆಂಗಳೂರಿನಲ್ಲಿರುವ ನನ್ನ ತಮ್ಮ ದೀಪಾವಳಿಗೆ ಬಂದಾಗ ಹೇಳಿದ. "ಅಕ್ಕಾ, ಫೆಬ್ರವರಿಯಲ್ಲಿ ಶ್ರೀನಗರಕ್ಕೆ ಹೋಗೋಣ. ಒಂದು ದಿನ ಗುಲ್ಮರ್ಗ್. ಫೋಟೊ ತೆಗೆಸಿಕೊಂಡು ಬರೋದಲ್ಲ, ಸ್ಕೀ ಕಲಿಯೋಣ." ಡಿಗ್ರಿ ಓದುತ್ತಿರುವ ನನ್ನ ಮಗಳು ಆ ಕ್ಷಣವೇ ಹೂಂ ಅಂದಳು. ನಾನು ಒಪ್ಪಿಕೊಳ್ಳೋದಕ್ಕೆ ಎರಡು ವಾರ ತೆಗೆದುಕೊಂಡೆ.

ನನಗಿದ್ದ ಭಯ ಮೊಣಕಾಲಿನದು. ದಿನಕ್ಕೆ ಎಂಟು ಗಂಟೆ ಮೆಷಿನ್ ಮುಂದೆ ಕೂರುವವಳು ನಾನು. ತೊಡೆಗೆ ಬಲ ಬೇಕು ಎಂದು ತಮ್ಮ ಹೇಳಿದ್ದ. ಹಾಗಾಗಿ ಡಿಸೆಂಬರ್ ಕೊನೆಯಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಅಂತರಗಂಗೆಗೆ ಹೋದೆವು. ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ತನಕ ಮೆಟ್ಟಿಲು ಹತ್ತಿ, ನಮಸ್ಕಾರ ಮಾಡಿ, ಇಳಿಯೋದು. ಹತ್ತುವಾಗ ಏದುಸಿರು ಬರುತ್ತೆ. ಆದರೆ ಸ್ಕೀಗೆ ಉಪಯೋಗಕ್ಕೆ ಬಂದದ್ದು ಇಳಿಯೋದು. ನಿಧಾನವಾಗಿ, ಕೈಕಂಬಿ ಹಿಡಿಯದೆ, ಪ್ರತಿ ಮೆಟ್ಟಿಲಲ್ಲೂ ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡೇ ಇಳಿಯಬೇಕು. ಆಗ ಮೈಭಾರವನ್ನು ತೊಡೆ ತಡೆದು ತಡೆದು ಬಿಡುತ್ತೆ. ಇಳಿಜಾರಿನಲ್ಲಿ ಸ್ಕೀ ಮೇಲೆ ನಿಂತಾಗ ತೊಡೆ ಮಾಡುವ ಕೆಲಸವೂ ಇದೇ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಕೂರುವ ಅಭ್ಯಾಸವನ್ನೂ ಮಾಡಿದೆ. ಮೊದಲ ದಿನ 20 ಸೆಕೆಂಡಿಗೆ ಕಾಲು ನಡುಗಿತು. ಹೊರಡುವ ಹೊತ್ತಿಗೆ ಒಂದೂವರೆ ನಿಮಿಷ ಕೂರುತ್ತಿದ್ದೆ.

ಬಟ್ಟೆ ವಿಷಯಕ್ಕೆ ಬರ್ತೀನಿ. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಊರಿಗೆ ಕಾಟನ್‌ಗಿಂತ ಒಳ್ಳೆ ಬಟ್ಟೆ ಇಲ್ಲ. ಹಿಮದಲ್ಲಿ ಮಾತ್ರ ಮೈಗೆ ಅಂಟಿದ ಕಾಟನ್ ಬೇಡವೇ ಬೇಡ. ಅದು ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತೆ, ಒದ್ದೆ ಬಟ್ಟೆ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತೆ. ಸ್ಕೀ ಕಲಿಯುವಾಗ ಅಷ್ಟು ಚಳಿಯಲ್ಲೂ ಚೆನ್ನಾಗಿ ಬೆವರುತ್ತೀರಿ. ಹಾಗಾಗಿ ಒಳಗೆ ಮೈಗಂಟುವ ಪಾಲಿಯೆಸ್ಟರ್ ಥರ್ಮಲ್, ಮೇಲೆ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಮೇಲಿನ ಎರಡನ್ನು ನಾವು ಗುಲ್ಮರ್ಗ್ ದಾರಿಯಲ್ಲಿ ಸಿಗುವ ತಂಗ್‌ಮರ್ಗ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡೆವು. ಬಾಡಿಗೆ ಜಾಕೆಟ್‌ನ ಒಳಗನ್ನು ಮಗುಚಿ ನೋಡಿ. ಸೂಜಿ ಹೋದ ಕಡೆಯೆಲ್ಲ ತೂತು ಇದ್ದೇ ಇರುತ್ತೆ, ನೀರು ಬರೋದು ಅಲ್ಲಿಂದಲೇ. ಒಳ್ಳೆ ಜಾಕೆಟ್‌ಗೆ ಹೊಲಿಗೆ ಉದ್ದಕ್ಕೂ ಒಳಗಡೆ ಟೇಪ್ ಅಂಟಿಸಿರುತ್ತಾರೆ. ಆ ಟೇಪ್ ಕಿತ್ತು ಬಂದಿದ್ದರೆ ಇನ್ನೊಂದು ಕೊಡಿ ಅನ್ನಿ. ಪ್ಯಾಂಟಿನ ಕೂರುವ ಭಾಗ, ಮಂಡಿ ಎರಡನ್ನೂ ನೋಡಿಕೊಳ್ಳಿ. ಬೀಳೋದು ಅದರ ಮೇಲೆಯೇ ಅಲ್ವಾ.

ಕಾಲುಚೀಲ ಒಂದೇ ಜೊತೆ ಸಾಕು. ತೆಳ್ಳಗೆ, ಬೂಟಿಗಿಂತ ಮೇಲಕ್ಕೆ ಬರುವಷ್ಟು ಉದ್ದ ಇರಬೇಕು. ಚಳಿಗೆ ಹೆದರಿ ಎರಡು ಹಾಕಿಕೊಂಡರೆ ಬೂಟಿನೊಳಗೆ ಮಡಿಕೆ ಬಿದ್ದು ರಕ್ತ ಓಡಾಡಲ್ಲ, ಕಾಲು ಇನ್ನೂ ತಣ್ಣಗಾಗುತ್ತೆ. ಥರ್ಮಲ್ ಪ್ಯಾಂಟಿನ ಅಂಚನ್ನೂ ಬೂಟಿನೊಳಗೆ ತುರುಕಬೇಡಿ. ಆ ಒಂದು ಹೊಲಿಗೆ ಮಧ್ಯಾಹ್ನದ ಹೊತ್ತಿಗೆ ಕಣಕಾಲಿನ ಮೇಲೆ ಕೆಂಪು ಗೀರು ಎಳೆದಿರುತ್ತೆ.

ಫೆಬ್ರವರಿ ಎರಡನೇ ವಾರ ಹೊರಟೆವು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಕಡು ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್. ನಾವು ಹೋದದ್ದು ಈ ಎರಡನೆಯದರಲ್ಲಿ. ಹಿಮ ಚೆನ್ನಾಗಿ ಕೂತಿರುತ್ತೆ, ಚಳಿಯ ಹಲ್ಲು ಸ್ವಲ್ಪ ಮೊಂಡಾಗಿರುತ್ತೆ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡಲ್ಲ ಎಂದು ತಮ್ಮ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಂಡಿದ್ದ.

ಶ್ರೀನಗರದಿಂದ ಗುಲ್ಮರ್ಗ್ ಸುಮಾರು 50 ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಹೊರಟೆವು. ತಂಗ್‌ಮರ್ಗ್‌ನಲ್ಲಿ ಗಾಡಿಯ ಟೈರಿಗೆ ಸರಪಳಿ ಹಾಕಿದರು. ಅಲ್ಲಿಂದ 13 ಕಿಲೋಮೀಟರ್ ಬರೀ ಏರು, ಎರಡೂ ಕಡೆ ಹಿಮ ಹೊತ್ತ ಮರಗಳು. ಡ್ರೈವರ್ ಹೆಮ್ಮೆಯಿಂದ ಆರಿಫ್ ಖಾನ್ ಬಗ್ಗೆ ಹೇಳಿದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಆಟಗಾರ, ಇದೇ ತಂಗ್‌ಮರ್ಗ್ ಕಡೆಯವನು. ನನ್ನ ಮಗಳು ಸುಮ್ನೆ ಕೂರಲಿಲ್ಲ. "ನಮ್ಮ ಕೊಡಗಿನ ಭವಾನಿನೂ ಇಲ್ಲೇ ಖೇಲೋ ಇಂಡಿಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದ್ದಾರೆ" ಎಂದಳು. ಭವಾನಿ ತೆಕ್ಕಡ ನಂಜುಂಡ ಅವರದು ಕ್ರಾಸ್ ಕಂಟ್ರಿ ಸ್ಕೀ. ಅದರಲ್ಲಿ ಬೂಟಿನ ಮುಂದಿನ ತುದಿ ಮಾತ್ರ ಸ್ಕೀಗೆ ಕಟ್ಟಿರುತ್ತೆ, ಹಿಮ್ಮಡಿ ಬಿಡುವಾಗಿ ಏಳುತ್ತೆ, ಕಿಲೋಮೀಟರ್‌ಗಟ್ಟಲೆ ತಳ್ಳಿಕೊಂಡು ಹೋಗಬೇಕು. ನಾವು ಕಲಿಯಲು ಹೊರಟದ್ದು ಇಳಿಜಾರಿನ ಸ್ಕೀ. ಇದರಲ್ಲಿ ಹಿಮ್ಮಡಿಯೂ ಲಾಕ್ ಆಗುತ್ತೆ. ಈ ಲಾಕ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಗುಲ್ಮರ್ಗ್ 2,650 ಮೀಟರ್ ಎತ್ತರದಲ್ಲಿದೆ. ನಂದಿ ಬೆಟ್ಟದ ತುದಿ 1,478. ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಬೇಗ ಹಾಕಿದರೆ ಎದೆ ಡಬಡಬ ಅನ್ನುತ್ತೆ. ನೀರು ಕುಡಿಯುತ್ತಾ ಇರಿ, ಅವಸರ ಬೇಡ. ಇಳಿದ ತಕ್ಷಣ ಸ್ಲೆಡ್ಜ್ ಅನ್ನೋ ಜಾರುಗಾಡಿ ಎಳೆಯುವವರು, ಗೈಡ್‌ಗಳು ಸುತ್ತಿಕೊಂಡರು. ಅದು ಅವರ ಹೊಟ್ಟೆಪಾಡು. ನಗುತ್ತಾ ಬೇಡ ಅಂದರೆ ಬಿಡುತ್ತಾರೆ. ನಾವು ಹಿಂದಿನ ದಿನವೇ ಶ್ರೀನಗರದ ಹೋಟೆಲ್‌ನವರ ಮೂಲಕ ಗುರುತಿನ ಚೀಟಿ ಇರುವ ಒಬ್ಬ ಸ್ಕೀ ಮೇಷ್ಟ್ರನ್ನು ಗೊತ್ತು ಮಾಡಿಕೊಂಡಿದ್ದೆವು. ಎಷ್ಟು ಜನಕ್ಕೆ, ಎಷ್ಟು ಗಂಟೆ, ಸ್ಕೀ ಬೂಟು ಕೋಲು ಸೇರಿದೆಯಾ, ಲಿಫ್ಟ್ ಟಿಕೆಟ್ ಬೇರೆಯಾ ಎಂದು ಎಲ್ಲ ಫೋನಲ್ಲೇ ಕೇಳಿ ಬರೆದುಕೊಂಡಿದ್ದೆವು. ಮೂರು ಜನಕ್ಕೆ ಒಬ್ಬ ಮೇಷ್ಟ್ರು ಸರಿಹೋಯಿತು. ಅದಕ್ಕಿಂತ ಜಾಸ್ತಿ ಜನ ಇದ್ದರೆ ಕಲಿಯೋದಕ್ಕಿಂತ ಕಾಯೋದೇ ಆಗುತ್ತೆ.

ಗೊಂಡೋಲಾ, ಅಂದರೆ ಬೆಟ್ಟದ ಮೇಲಕ್ಕೆ ಹೋಗುವ ಕೇಬಲ್ ಕಾರ್, ಹತ್ತಲಿಲ್ಲ. ಅದು ಮೊದಲ ಹಂತದಲ್ಲಿ ಕೊಂಗ್‌ಡೂರಿಗೂ ಎರಡನೆಯದರಲ್ಲಿ ಅಫರ್‌ವಟ್ ಬೆಟ್ಟದ ನೆತ್ತಿಯ ಹತ್ತಿರಕ್ಕೂ ಹೋಗುತ್ತೆ. ನೋಡುವ ಆಸೆ ಎಲ್ಲರಿಗೂ ಇತ್ತು. ಆದರೆ ಕ್ಯೂ, ಹೋಗಿ ಬರುವ ಸಮಯ ಸೇರಿದರೆ ಅರ್ಧ ದಿನ ಹೋಗುತ್ತೆ. ಒಂದೇ ದಿನ ಇದ್ದರೆ ಎರಡರಲ್ಲಿ ಒಂದನ್ನು ಆರಿಸಿ. ಮೇಷ್ಟ್ರೂ ಮೊದಲ ಮಾತೇ ಹಾಗೆ ಹೇಳಿದರು. "ದೀದಿ, ಇವತ್ತು ಮೇಲೆ ಹೋಗೋದಿಲ್ಲ. ಇಲ್ಲೇ ಕೆಳಗೆ ನಿಲ್ಲೋದು ಕಲಿಯೋಣ."

ಈಗ ಬೂಟು. ಬಾಡಿಗೆ ಅಂಗಡಿಯವರು ನನ್ನ ಶೂ ನೋಡಿ ಒಂದು ಜೊತೆ ತಂದುಕೊಟ್ಟರು. ಸಲೀಸಾಗಿ ಹೋಯಿತು, ಬೆರಳು ಆಡಿಸಲು ಜಾಗವೂ ಇತ್ತು. ಚೆನ್ನಾಗಿದೆ ಅಂದುಕೊಂಡು ಬಕಲ್ ಹಾಕಿಸಿಕೊಂಡೆ. ಮಗಳಿಗೆ ಕೊಟ್ಟದ್ದು ಬಿಗಿ, ಅವಳು ಗೊಣಗಿದಳು. ಒಂದು ಗಂಟೆಯಲ್ಲಿ ಅವಳು ಸಣ್ಣ ಇಳಿಜಾರಿನಲ್ಲಿ ಇಳಿದು ನಿಲ್ಲುತ್ತಿದ್ದಳು. ನಾನು ನಿಲ್ಲಲಾರದೆ ಬೀಳುತ್ತಿದ್ದೆ. ಹಿಮ್ಮಡಿ ಹೊರಕ್ಕೆ ತಳ್ಳಿ ಅಂತ ಮೇಷ್ಟ್ರು ಹೇಳುತ್ತಾರೆ, ನಾನು ತಳ್ಳುತ್ತೇನೆ, ಸ್ಕೀ ಮಾತ್ರ ನೆಟ್ಟಗೇ ಓಡುತ್ತೆ. ವಯಸ್ಸಾಯಿತು ಎಂದು ಮನಸ್ಸು ಚಿಕ್ಕದಾಯಿತು.

ಕಾಶ್ಮೀರಿ ಚಹಾ ಕಹವಾ ಕುಡಿಯಲು ನಿಂತಾಗ ಮೇಷ್ಟ್ರು ನನ್ನ ಕಾಲನ್ನೇ ನೋಡುತ್ತಿದ್ದರು. "ದೀದಿ, ಬೂಟಿನೊಳಗೆ ನಿಮ್ಮ ಹಿಮ್ಮಡಿ ಏಳ್ತಾ ಇದೆ" ಅಂದರು. ಆಗ ನನಗೆ ಪಕ್ಕನೆ ಹೊಳೆಯಿತು. ಕಾಲು ಒಳಗೆ ತಿರುಗುತ್ತಿದೆ, ಬೂಟು ತಿರುಗುತ್ತಿಲ್ಲ. ದೊಡ್ಡ ಗ್ಲೌಸ್ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಹಿಮ್ಮಡಿ ಲಾಕ್ ಆಗಿರೋದು ಬೂಟಿನದು, ನನ್ನದಲ್ಲ.

ಅಂಗಡಿಗೆ ವಾಪಸ್ ಹೋದೆವು. ಇದೇ ನಿಮ್ಮ ಸೈಜು ಎಂದು ಅವರು ಒಪ್ಪಲಿಲ್ಲ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಅಳತೆ ಟೇಪ್ ಯಾವಾಗಲೂ ಇರುತ್ತೆ. ಕಾಲುಚೀಲದಲ್ಲೇ ನಿಂತು, ಹಿಮ್ಮಡಿ ಗೋಡೆಗೆ ತಾಗಿಸಿ, ಹೆಬ್ಬೆರಳ ತನಕ ಮಗಳ ಕೈಲಿ ಅಳೆಸಿದೆ. 23.5 ಸೆಂಟಿಮೀಟರ್. ಬೂಟಿನ ಮೇಲೆ ಇದ್ದದ್ದು 25.5. ಸ್ಕೀ ಬೂಟಿನ ನಂಬರ್ ಅಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ, ಅಷ್ಟೇ. ನಮ್ಮ ಚಪ್ಪಲಿ ನಂಬರಿನ ಲೆಕ್ಕವೇ ಬೇಡ. ಇಷ್ಟು ನೇರವಾದ ಅಳತೆ ಬೇರೆ ಯಾವ ಉಡುಪಿಗೂ ನಾನು ಕಂಡಿಲ್ಲ. ಆಮೇಲೆ ಅವರು ಮಾತಾಡದೆ 23.5 ತಂದರು. ಬೂಟು ಬದಲಾದರೆ ಅದನ್ನು ಹಿಡಿಯುವ ಬೈಂಡಿಂಗ್ ಅನ್ನೂ ಹೊಂದಿಸಲೇಬೇಕು, ಮರೆಯಬೇಡಿ. ಅದನ್ನು ತೂಕ, ಎತ್ತರ, ವಯಸ್ಸು ನೋಡಿ ಇಡುತ್ತಾರೆ. ಹೊಸಬರಿಗೆ ಸಡಿಲವಾಗಿಡುತ್ತಾರೆ. ಬಿದ್ದಾಗ ಕಾಲು ತಿರುಚುವ ಮುಂಚೆ ಸ್ಕೀ ಕಳಚಿಕೊಳ್ಳಲಿ ಅಂತ. ಸ್ಕೀ ಉದ್ದ ಹೊಸಬರಿಗೆ ಎದೆಯಿಂದ ಗದ್ದದ ಮಟ್ಟಕ್ಕೆ ಬಂದರೆ ಸಾಕು.

ಪಾಠ ಶುರುವಾದದ್ದು ಹೀಗೆ. ಮೊದಲು ಬರೀ ಬೂಟಲ್ಲಿ ನಡೆದಾಡೋದು. ಆಮೇಲೆ ಒಂದೇ ಸ್ಕೀ ಹಾಕಿಕೊಂಡು ಇನ್ನೊಂದು ಕಾಲಲ್ಲಿ ತಳ್ಳೋದು. ಬೂಟಿನ ತಳಕ್ಕೆ ಮೆತ್ತಿದ ಹಿಮ ಕೆರೆಯದಿದ್ದರೆ ಸ್ಕೀ ಕಚ್ಚಿಕೊಳ್ಳಲ್ಲ, ಇದಕ್ಕೇ ಎಷ್ಟೋ ಜನ ಒದ್ದಾಡುತ್ತಿದ್ದರು. ಆಮೇಲೆ ಇಳಿಜಾರಿಗೆ ಅಡ್ಡಲಾಗಿ ನಿಂತು, ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಮೇಲೆ ಹತ್ತೋದು. ಕೋಲು ಮಧ್ಯಾಹ್ನದ ತನಕ ಕೊಡಲಿಲ್ಲ, ಅದು ಒಳ್ಳೆಯದೇ ಆಯಿತು. ಕೈಯಲ್ಲಿ ಕೋಲಿದ್ದರೆ ಮನಸ್ಸು ಅದರ ಮೇಲೇ ಇರುತ್ತೆ.

ಬೀಳೋದನ್ನೂ ಕಲಿಸಿದರು. ತಡೆಯಲಾಗದಷ್ಟು ವೇಗ ಬಂದರೆ ಪಕ್ಕಕ್ಕೆ, ಇಳಿಜಾರಿನ ಮೇಲ್ಬದಿಗೆ ಕೂತುಬಿಡಬೇಕು. ಕೈಯನ್ನು ಹಿಂದೆ ಊರಬಾರದು. ಏಳಬೇಕಾದರೆ ಎರಡೂ ಸ್ಕೀಗಳನ್ನು ಮೈಗಿಂತ ಕೆಳಗೆ, ಇಳಿಜಾರಿಗೆ ಅಡ್ಡ ತಂದುಕೊಳ್ಳಬೇಕು. ಸ್ಕೀ ಕೆಳಮುಖವಾಗಿದ್ದರೆ ಎದ್ದ ಕ್ಷಣವೇ ಮತ್ತೆ ಓಡುತ್ತೆ.

ನಿಲ್ಲುವ ವಿದ್ಯೆಗೆ ಮೇಷ್ಟ್ರು ಪಿಜ್ಜಾ ಅನ್ನುತ್ತಿದ್ದರು. ನನಗೆ ಕಂಡದ್ದು ಅಂಬ್ರೆಲಾ ಲಂಗದ ತುಂಡು. ಸೊಂಟದ ಕಡೆ ಚೂಪು, ಕೆಳಗೆ ಅಗಲ. ಸ್ಕೀಯ ಮುಂದಿನ ತುದಿಗಳು ಹತ್ತಿರ, ಹಿಂದಿನವು ದೂರ. ಹಿಮ್ಮಡಿ ಹೊರಕ್ಕೆ ಒತ್ತಿದಷ್ಟೂ ಒಳಗಿನ ಅಂಚು ಹಿಮವನ್ನು ಕೆರೆಯುತ್ತೆ, ವೇಗ ಇಳಿಯುತ್ತೆ. ಭಯಕ್ಕೆ ಮೈ ಹಿಂದಕ್ಕೆ ವಾಲುತ್ತೆ, ಅದೇ ತಪ್ಪು. ಹಿಂದೆ ವಾಲಿದರೆ ಮುಂದಿನ ತುದಿ ಹಗುರಾಗಿ ಸ್ಕೀ ಇನ್ನೂ ಜೋರಾಗಿ ಓಡುತ್ತೆ. ಕಣಕಾಲು ಬೂಟಿನ ನಾಲಿಗೆಗೆ ಒತ್ತಿರಬೇಕು. ಕೈ ಮುಂದಕ್ಕೆ, ಆರತಿ ತಟ್ಟೆ ಹಿಡಿದ ಹಾಗೆ. ಕಣ್ಣು ಸ್ಕೀ ಮೇಲಲ್ಲ, ಹೋಗಬೇಕಾದ ಕಡೆ. ಸರಿಯಾದ ಬೂಟಿನಲ್ಲಿ ಮೂರನೇ ಸಲಕ್ಕೇ ನಿಂತೆ. ಮೈಯೆಲ್ಲ ಜುಮ್ಮೆಂದಿತು.

ಊಟಕ್ಕೆ ರಾಜ್ಮಾ ಅನ್ನ. ಜೇಬಿನಲ್ಲಿದ್ದ ಕಡಲೆ ಮಿಠಾಯಿ ಅದಕ್ಕಿಂತ ಹೆಚ್ಚು ಶಕ್ತಿ ಕೊಟ್ಟಿತು, ಮೇಷ್ಟ್ರಿಗೂ ಕೊಟ್ಟೆವು. ಸನ್‌ಸ್ಕ್ರೀನ್ ಮತ್ತೆ ಹಚ್ಚಿಕೊಂಡೆವು. ಹೊಸ ಹಿಮ ಸುಡುವ ಕಿರಣಗಳಲ್ಲಿ ಶೇಕಡ 80ರವರೆಗೆ ವಾಪಸ್ ಎರಚುತ್ತೆ, ಹಾಗಾಗಿ ಗದ್ದದ ಕೆಳಗೆ, ಮೂಗಿನ ಅಡಿಗೂ ಹಚ್ಚಬೇಕು. ತಮ್ಮ ಅದನ್ನು ಬಿಟ್ಟ, ಎರಡು ದಿನದಲ್ಲಿ ಮೂಗಿನ ಕೆಳಗೆ ಸಿಪ್ಪೆ ಎದ್ದಿತು.

ಮಧ್ಯಾಹ್ನ ತಿರುಗೋದು. ಎಡಕ್ಕೆ ಹೋಗಬೇಕಾದರೆ ಬಲಗಾಲು ಒತ್ತಬೇಕು, ಬಲಕ್ಕೆ ಎಡಗಾಲು. ಮೆಷಿನ್ ಪೆಡಲ್ ಒತ್ತಿ ರೂಢಿಯಾದ ಕಾಲಿಗೆ ಈ ಒತ್ತಡದ ಹದ ಬೇಗ ಸಿಕ್ಕಿತು. ಆಮೇಲೆ ಡ್ರ್ಯಾಗ್ ಲಿಫ್ಟ್, ಸ್ಕೀ ಹಾಕಿಕೊಂಡವರನ್ನು ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಯಂತ್ರ. ಅದರ ಮೇಲೆ ಕೂರಬಾರದು, ಅದು ಕೂರಿಸಿಕೊಳ್ಳೋದಲ್ಲ, ಎಳೆಯೋದು. ನಿಂತೇ ಇದ್ದು, ಸ್ಕೀ ನೇರ ಇಟ್ಟು ಎಳೆಸಿಕೊಳ್ಳಬೇಕು. ಎರಡು ಸಲ ಬಿದ್ದೆ, ಮೂರನೇ ಸಲ ಮೇಲೆ ತಲುಪಿದೆ. ನಾಲ್ಕು ಗಂಟೆಗೆ ಕೊನೆಯ ಇಳಿತ. ಮೇಷ್ಟ್ರು ಕೆಳಗೆ ತಮ್ಮ ಕೋಲನ್ನು ಹಿಮದಲ್ಲಿ ನೆಟ್ಟು, ಇದರ ಪಕ್ಕ ನಿಲ್ಲಿ ಅಂದರು. ಎಡ, ಬಲ, ಎಡ, ಬಲ, ನಾಲ್ಕು ತಿರುವು. ಕೋಲಿನಿಂದ ಒಂದು ಮೊಳ ದೂರದಲ್ಲಿ ನಿಂತೆ.

ಮುಂದಿನ ಚಳಿಗಾಲಕ್ಕೆ ಎರಡು ದಿನ ಹೋಗಬೇಕೆಂದಿದೆ, ರಾತ್ರಿ ಅಲ್ಲೇ ಉಳಿದು. ನನ್ನ 23.5, ಮಗಳ 24, ತಮ್ಮನ 27. ಮೂರನ್ನೂ ಅಂಗಡಿಯ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.