ಸುಸ್ತಾಗುವ ಮೊದಲೇ ಮಲಗುವುದು: ಸಂಧಿವಾತ ಇಟ್ಟುಕೊಂಡು ಹೊಲಿಗೆ ನಡೆಸಿದ ನನ್ನ ಅನುಭವ

ಕಳೆದ ದುಗ್ಗಮ್ಮನ ಜಾತ್ರೆಗೆ ನಾನು 70ರ ಹತ್ತಿರ ರವಿಕೆ ಹೊಲಿದುಕೊಟ್ಟೆ. ಅರ್ಧದಷ್ಟಾದರೂ ಅಸ್ತರ್ (ಒಳಬಟ್ಟೆ) ಹಾಕಿದವು, ಉದ್ದ ಜೋಡಣೆಯ ಪ್ರಿನ್ಸೆಸ್ ಕಟ್ ಕೂಡ ಹತ್ತು ಹದಿನೈದು ಇದ್ದವು. ಜಾತ್ರೆಗೆ ಬಂದ ನೆಂಟರಿಗೆ ನಾನೇ ನಿಂತು ಬಡಿಸಿದೆ. ದಾವಣಗೆರೆಯವರಿಗೆ ಗೊತ್ತಿರುವಂತೆ ಈ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಅದರ ಹಿಂದಿನ ಜಾತ್ರೆಯಲ್ಲಿ 30 ರವಿಕೆ ಮುಗಿಯುವಷ್ಟರಲ್ಲಿ, ಕೀಲು ಊದಿಸಿ ಮೈಯನ್ನೆಲ್ಲ ದಣಿಸುವ ಸಂಧಿವಾತದ (ರುಮಟಾಯ್ಡ್ ಆರ್ಥ್ರೈಟಿಸ್) ಸುಸ್ತಿಗೆ ಹಾಸಿಗೆ ಹಿಡಿದಿದ್ದೆ. ಕತ್ತರಿಸದೆ ಉಳಿದ ಬಟ್ಟೆಯನ್ನು ಗಿರಾಕಿಗಳು ಬಂದು ವಾಪಸು ಒಯ್ದಿದ್ದರು. ಎರಡು ಜಾತ್ರೆಗಳ ನಡುವೆ ನನ್ನ ಸಂಧಿವಾತದ ಔಷಧ ಬದಲಾಗಿಲ್ಲ, ಡಾಕ್ಟರೂ ಬದಲಾಗಿಲ್ಲ. ಬದಲಾದದ್ದು ದಿನವನ್ನು ಹಂಚಿಕೊಳ್ಳುವ ರೀತಿ. ಅದನ್ನು ಯಾರೂ ನಂಬಲಿಲ್ಲ. "ಗಡಿಯಾರ ನೋಡಿಕೊಂಡು ಹಗಲು ಮಲಗುವವಳು ಹೊಲಿಗೆ ಹೇಗೆ ನಡೆಸುತ್ತಾಳೆ?" ಎಂದು ಅತ್ತೆ ಎಲ್ಲರೆದುರಿಗೇ ಕೇಳಿದರು. ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದ, ನನ್ನದೇ ಕಾಯಿಲೆಯ ಅಕ್ಕ ಒಬ್ಬರು, "ನಮ್ಮ ಸುಸ್ತು ಮಲಗಿದರೆ ಹೋಗುವಂಥದ್ದಲ್ಲಮ್ಮ" ಎಂದರು. ಅವರ ಮಾತು ನಿಜ. ಸುಸ್ತಾದ ಮೇಲೆ ಮಲಗಿದರೆ ಅದು ಹೋಗುವುದಿಲ್ಲ. ಆಗುವ ಮೊದಲೇ ಮಲಗಬೇಕು.

ಕಾಯಿಲೆ ಹತೋಟಿಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್, ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಮ್ಲ, ಕಾಯಿಲೆಯ ಇನ್ನೊಂದು ಮಾತ್ರೆ ಎಚ್‌ಸಿಕ್ಯು (ಹೈಡ್ರಾಕ್ಸಿಕ್ಲೋರೊಕ್ವಿನ್), ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಬೆಳಗಿನ ಕೀಲು ಬಿಗಿತ, ಇವುಗಳ ವಿವರಕ್ಕೆ ಇಳಿಯದೆ ಮುಂದೆ ಹೋಗುತ್ತೇನೆ. ನನಗೆ ಕಾಯಿಲೆ ಬಂದು ಒಂಬತ್ತು ಹತ್ತು ವರ್ಷವಾಯಿತು. ಕೀಲುಗಳ ಊತ ಇಳಿದಿತ್ತು, ಊತದ ಮಟ್ಟ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಹದಕ್ಕೆ ಬಂದಿತ್ತು, ಸುಸ್ತು ಮಾತ್ರ ಹೋಗಲೇ ಇಲ್ಲ. ಕೀಲು ಶಾಂತವಾದ ಮೇಲೂ ಕೆಲವರಿಗೆ ಅದು ಉಳಿಯುತ್ತದೆ ಎಂದು ಡಾಕ್ಟರ್ ನೇರವಾಗಿಯೇ ಹೇಳಿದರು. ಮಾತ್ರೆಗೆ ಬಗ್ಗದ ಸಂಧಿವಾತಕ್ಕೆ ಕೊಡುವ, ತಿಂಗಳಿಗೆ ಹತ್ತಾರು ಸಾವಿರದ ಬಯಾಲಜಿಕ್ ಇಂಜೆಕ್ಷನ್ ತೆಗೆದುಕೊಂಡರೆ ಹೋಗಬಹುದೇ ಎಂದು ಕೇಳಿದ್ದಕ್ಕೆ, ಕಾಯಿಲೆ ಹತೋಟಿಯಲ್ಲಿರುವಾಗ ಬರೀ ಸುಸ್ತಿಗಾಗಿ ಅದನ್ನು ಬರೆಯುವುದಿಲ್ಲ ಎಂದರು. ಬದಲಿಗೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಡಿ ವಿಟಮಿನ್ ಎಲ್ಲವನ್ನೂ ನೋಡಿಸಿದರು. ಹಿಮೋಗ್ಲೋಬಿನ್ 9ರ ಆಸುಪಾಸಿನಲ್ಲಿತ್ತು. ಕೆಲವು ತಿಂಗಳು ಕಬ್ಬಿಣದ ಮಾತ್ರೆ ನುಂಗಿ 11 ದಾಟಿಸಿದ ಮೇಲೆ ಸುಸ್ತಿನಲ್ಲಿ ಕಾಲು ಭಾಗ ಕಡಿಮೆಯಾಯಿತು. ಈ ಹೆಜ್ಜೆಯನ್ನು ಬಿಟ್ಟು ಮುಂದಿನದನ್ನು ಮಾಡಲು ಹೋಗಬೇಡಿ. ರಕ್ತವಿಲ್ಲದ ಮೈಗೆ ಯಾವ ವೇಳಾಪಟ್ಟಿಯೂ ಉಪಯೋಗಕ್ಕೆ ಬಾರದು.

ಉಳಿದ ಮುಕ್ಕಾಲು ಭಾಗಕ್ಕಾಗಿ ನಾನು ಸುರಿದ ದುಡ್ಡನ್ನು ಹೇಳುತ್ತೇನೆ. ಪ್ರೋಟೀನ್ ಪುಡಿಯ ಡಬ್ಬಿಗಳು, ಒಂದೊಂದಕ್ಕೂ ಸಾವಿರದ ಮೇಲೆ. ರಕ್ತದಲ್ಲಿ ಬಿ12 ಸರಿಯಿದ್ದರೂ ಪರಿಚಯದವರ ಮಾತಿಗೆ ಹಾಕಿಸಿಕೊಂಡ ಚುಚ್ಚುಮದ್ದುಗಳು. ಎಣ್ಣೆ ತಿಕ್ಕುವ ಚಿಕಿತ್ಸೆಗೆ ಸುಮಾರು 15,000. ಮಾಡಿಸಿಕೊಳ್ಳುವಷ್ಟು ದಿನ ಹಿತವಾಗಿತ್ತು, ಮನೆಗೆ ಬಂದ ವಾರಕ್ಕೆ ಮೊದಲಿನಂತೆಯೇ. ಹೊಸ ಹಾಸಿಗೆಗೆ 11,000. ಸೊಂಟಕ್ಕೆ ಒಳ್ಳೆಯದಾಯಿತು, ಸುಸ್ತಿಗೆ ಏನೂ ಆಗಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಹೆಸರಿಲ್ಲದ ಪೊಟ್ಟಣಗಳಲ್ಲಿ ಬಂದ ಬೂದು ಬಣ್ಣದ ಪುಡಿ. ಅದನ್ನು ತಿಂದ ಎರಡು ವಾರ ಹಳೆಯ ಕಾಲದ ನಾನೇ ವಾಪಸು ಬಂದಂತೆ ಹೊಲಿದೆ. ಆಮೇಲೆ ಮುಖ ಊದಿಕೊಂಡಿತು. ಡಾಕ್ಟರ್ ನೋಡಿ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬೇಕು ಎಂದರು. ಒಮ್ಮೆಲೇ ನಿಲ್ಲಿಸುವುದೂ ಅಪಾಯವೆಂದು ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸಿದರು. ಒಟ್ಟು 40,000 ಹೋಗಿರಬಹುದು. ಆ ದುಡ್ಡಿನಲ್ಲಿ ಸೀರೆಯ ಅಂಚು ಹೊಲಿಯುವ ಒಳ್ಳೆಯ ಪಿಕೋ ಯಂತ್ರ ಬರುತ್ತಿತ್ತು.

ಫಲ ಕೊಟ್ಟದ್ದು ಅಂಗಡಿಯ ಆರ್ಡರ್ ಪುಸ್ತಕ. ಅದರ ಹಿಂದಿನ ಹಾಳೆಗಳಲ್ಲಿ ಎಷ್ಟು ಹೊತ್ತು ಏನು ಮಾಡಿದೆ, ಮಾರನೆಯ ದಿನ ಹೇಗಿದ್ದೆ ಎಂದು ಎರಡು ತಿಂಗಳು ಬರೆದೆ. ಓದಿ ನೋಡಿದರೆ, ಕೆಟ್ಟ ದಿನದ ಹಿಂದೆ ಯಾವಾಗಲೂ ಒಂದು ಒಳ್ಳೆಯ ದಿನವಿತ್ತು. ಮೈ ಹಗುರವಾಗಿದೆ ಎಂದು ಐದು ರವಿಕೆ ಹೊಲಿದು, ಸಂಜೆ ದೇವರ ಮನೆ ತೊಳೆದು, ರಾತ್ರಿ ಚಪಾತಿ ಲಟ್ಟಿಸಿದ ದಿನದ ಬೆನ್ನಿಗೇ ಎರಡು ದಿನ ಸೊನ್ನೆ. ಹಾಗಾಗಿ ಕಡಿವಾಣ ಹಾಕಬೇಕಾದದ್ದು ಒಳ್ಳೆಯ ದಿನಕ್ಕೆ ಎಂದು ತೀರ್ಮಾನಿಸಿದೆ.

ಲೆಕ್ಕ ಹೀಗಿದೆ. 40 ನಿಮಿಷ ಕೆಲಸ, 15 ನಿಮಿಷ ವಿಶ್ರಾಂತಿ. ಮೊಬೈಲಿನಲ್ಲಿ ಗಂಟೆ ಬಾರಿಸಿದ ಕೂಡಲೇ, ತೋಳು ಅರ್ಧ ಕೂಡಿಸಿದ್ದರೂ ಸೂಜಿ ಎತ್ತಿ ಏಳುತ್ತೇನೆ. ವಿಶ್ರಾಂತಿ ಎಂದರೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗುವುದು. ಕುಳಿತು ಅವರೆಕಾಳು ಸುಲಿಯುವುದು ವಿಶ್ರಾಂತಿಯಲ್ಲ, ಫೋನ್ ನೋಡುವುದಂತೂ ಅಲ್ಲವೇ ಅಲ್ಲ. ಫೋನ್ ಹಿಡಿದು ಕಳೆದ 15 ನಿಮಿಷ ಕೆಲಸದ ಲೆಕ್ಕಕ್ಕೇ ಸೇರುತ್ತದೆ; ಎರಡನ್ನೂ ಮಾಡಿ, ಬರೆದಿಟ್ಟು ಹೇಳುತ್ತಿದ್ದೇನೆ. ಮೈ ಚೆನ್ನಾಗಿದ್ದ ದಿನವೂ ಇದೇ ಲೆಕ್ಕ. ನನ್ನ ಮಾತು ಕೇಳಿ ಶುರು ಮಾಡಿದವರೆಲ್ಲ ಬಿಟ್ಟದ್ದು ಇಲ್ಲೇ. ಹುಮ್ಮಸ್ಸು ಇರುವಾಗ ಯಂತ್ರ ಬಿಟ್ಟು ಏಳುವುದಕ್ಕೆ ಬೇಕಾದ ಗಟ್ಟಿತನ ಸುಸ್ತಿನಲ್ಲಿ ಹೊಲಿಯುವುದಕ್ಕೂ ಬೇಡ.

ಮೊದಲ ತಿಂಗಳು ಭಯವಾಯಿತು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ರವಿಕೆ. ತಿಂಗಳ ಗಳಿಕೆ 14-15 ಸಾವಿರದಿಂದ ಒಂಬತ್ತಕ್ಕೆ ಇಳಿಯಿತು. ಚೀಟಿಯ ಕಂತನ್ನು ಯಜಮಾನರು ಕಟ್ಟಿದರು, ಬಾಯಿ ಬಿಟ್ಟು ಏನೂ ಅನ್ನದಿದ್ದರೂ ಮುಖದಲ್ಲಿ ಕಾಣುತ್ತಿತ್ತು. ಮೂರನೆಯ ತಿಂಗಳಿಗೆ ದಿನಕ್ಕೆ ಮೂರು ಎಂದು ಸ್ಥಿರವಾಯಿತು. ಐದು ಹೊಲಿದು ಎರಡು ದಿನ ಬೀಳುವ ಕಾಲದಲ್ಲಿ ವಾರಕ್ಕೆ 12-13 ಆಗುತ್ತಿತ್ತು, ಈಗ ಮೂರರಂತೆ ಆರು ದಿನಕ್ಕೆ 18. ಜಾತ್ರೆಯ ಹಿಂದಿನ ತಿಂಗಳ 70 ಬಂದದ್ದು ಹೀಗೆ. ಒಂದು ರಾತ್ರಿಯೂ ನಿದ್ದೆಗೆಡಲಿಲ್ಲ.

ಕೆಲಸವನ್ನೂ ಮುರಿದು ಕಟ್ಟಿದೆ. ಬೆಳಿಗ್ಗೆ ಬೆರಳು ಬಿಡಿಸಿಕೊಳ್ಳುವವರೆಗೆ ಕತ್ತರಿ ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಅಳತೆ ಬರೆಯುವುದು, ದಾರ ಹೊಂದಿಸುವುದು. ಕಟಿಂಗ್ 11ರ ಮೇಲೆ. ನೆಲದ ಮೇಲೆ ಬಗ್ಗಿ ಕತ್ತರಿಸುವುದನ್ನು ಬಿಟ್ಟು, ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಸೊಂಟದ ಎತ್ತರಕ್ಕೆ ಏರಿಸಿದೆ. ತುಳಿಯುವ ಯಂತ್ರಕ್ಕೆ ಮೋಟಾರು ಕೂರಿಸಲು ಎರಡು ಸಾವಿರದೊಳಗೆ ಆಯಿತು. ಆ ಬೂದು ಪುಡಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಹುಕ್ಕು, ಕಾಜಾ, ಕೈಹೊಲಿಗೆಯನ್ನು ಪಕ್ಕದ ಮನೆಯ ಹುಡುಗಿಗೆ ರವಿಕೆಗೆ 30 ರೂಪಾಯಿಯಂತೆ ಕೊಟ್ಟೆ. ಇಸ್ತ್ರಿ ಬೀದಿಯ ಕೊನೆಯ ಗಾಡಿಯವರಿಗೆ. ಕತ್ತರಿಯನ್ನು ಹದಿನೈದು ದಿನಕ್ಕೊಮ್ಮೆ ಸಾಣೆ ಹಿಡಿಸುತ್ತೇನೆ. ಮೊಂಡು ಕತ್ತರಿ ಬೆರಳನ್ನು ಮಾತ್ರವಲ್ಲ, ಇಡೀ ಮೈಯ ಶಕ್ತಿಯನ್ನು ಎಳೆದುಕೊಳ್ಳುತ್ತದೆ. ಇನ್ನು, ಮೂರು ರವಿಕೆಗಳ ಯಾವ ಯಾವ ಭಾಗವನ್ನು ಯಾವ ಕ್ರಮದಲ್ಲಿ ಒಟ್ಟಿಗೆ ಹೊಲಿದರೆ 40 ನಿಮಿಷ ಸರಿಯಾಗಿ ತುಂಬುತ್ತದೆ ಎಂಬುದನ್ನು, ಅರ್ಜೆಂಟ್ ಎಂದು ಬಂದ ಗಿರಾಕಿಯನ್ನು ಕಳೆದುಕೊಳ್ಳದೆ ಎಂಟು ದಿನ ಕಾಯಿಸುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಹೊಲಿಗೆ ಅಂಗಡಿಗಳಿವೆ.

ವಾರದ ಮಾತ್ರೆಯ ವಿಷಯ. ಭಾನುವಾರ ರಾತ್ರಿ ಮೆಥೊಟ್ರೆಕ್ಸೇಟ್ ತೆಗೆದುಕೊಂಡರೆ ಸೋಮವಾರ ಪೂರ್ತಿ ತಲೆ ಮಂಕು, ಹೊಟ್ಟೆ ತೊಳಸು. ಡಾಕ್ಟರನ್ನು ಕೇಳಿ ಶನಿವಾರ ರಾತ್ರಿಗೆ ಬದಲಿಸಿಕೊಂಡೆ. ಅಂಗಡಿ ಮುಚ್ಚಿದ ಭಾನುವಾರಕ್ಕೆ ಮಂಕು ಸರಿಯಿತು. ದಿನ ಬದಲಿಸುವಾಗ ವಾರದಲ್ಲಿ ಎರಡು ಸಲ ಆಗದಂತೆ ಎಚ್ಚರ ಬೇಕು, ಈ ಮಾತ್ರೆ ಹೆಚ್ಚಾದರೆ ಜೀವಕ್ಕೇ ಅಪಾಯ. ಆ ರಾತ್ರಿಯೂ ಮರುದಿನ ಬೆಳಿಗ್ಗೆಯೂ ಒಂದೊಂದು ಲೋಟ ಗಟ್ಟಿ ಕಾಫಿ ಕುಡಿದು ನೋಡಿದೆ, ಅದನ್ನೂ ಡಾಕ್ಟರಿಗೆ ಹೇಳಿಯೇ. ತೊಳಸುವುದು ಸಾಕಷ್ಟು ಇಳಿಯಿತು. ಆಸ್ಪತ್ರೆಯ ಅಕ್ಕನಿಗೆ ಏನೂ ವ್ಯತ್ಯಾಸವಾಗಲಿಲ್ಲ. ಉಳಿದ ದಿನ ಸಂಜೆ 4ರ ಮೇಲಿನ ಕಾಫಿ ನನ್ನ ನಿದ್ದೆಯನ್ನು ಕೆಡಿಸಿತು, ಬಿಟ್ಟೆ. ಮಾತ್ರೆಗಳನ್ನು ಜನೌಷಧಿ ಅಂಗಡಿಯಲ್ಲಿ ಕೊಳ್ಳುತ್ತೇನೆ, ಖರ್ಚು ಮೊದಲಿನ ಅರ್ಧಕ್ಕಿಂತ ಕಡಿಮೆ.

ಬದನೆಕಾಯಿ, ಆಲೂಗಡ್ಡೆ ವಾಯು ಎಂದು ಊರೆಲ್ಲ ಹೇಳುತ್ತದೆ. ಒಂದೂವರೆ ತಿಂಗಳು ಬಿಟ್ಟೆ, ಮತ್ತೆ ಒಂದೂವರೆ ತಿಂಗಳು ತಿಂದೆ, ಪುಸ್ತಕದಲ್ಲಿ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ಈಗ ರೊಟ್ಟಿಯ ಜೊತೆ ಎಣಗಾಯಿ ನೆಮ್ಮದಿಯಾಗಿ ತಿನ್ನುತ್ತೇನೆ. ವ್ಯತ್ಯಾಸ ಕಂಡದ್ದು ತಲೆಸ್ನಾನದಲ್ಲಿ. ಶುಕ್ರವಾರ ಬೆಳಿಗ್ಗೆ ಬಿಸಿನೀರಿನಲ್ಲಿ ತಲೆ ತೊಳೆದು, ಒರೆಸಿ, ಸಿಕ್ಕು ಬಿಡಿಸುವಷ್ಟರಲ್ಲಿ ಆ ದಿನದ ಶಕ್ತಿ ಮುಗಿಯುತ್ತಿತ್ತು. ಗುರುವಾರ ಸಂಜೆಗೆ ಬದಲಿಸಿದ ಮೇಲೆ ಶುಕ್ರವಾರ ಒಂದು ರವಿಕೆ ಹೆಚ್ಚಾಯಿತು. ಬೆಳಿಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದುವುದಷ್ಟೇ.

ನಡಿಗೆಯ ಮಾತಿಗೆ ನನ್ನಂಥವರು ಸಿಟ್ಟಾಗುತ್ತಾರೆ, ನಾನೂ ಆಗಿದ್ದೆ. ಫಿಸಿಯೊಥೆರಪಿಯವರು ಐದು ನಿಮಿಷದಿಂದ ಶುರು ಮಾಡಿ ಎಂದರು. ಮೊದಲು ತಾರಸಿಯ ಮೇಲೆ, ಆಮೇಲೆ ಬೀದಿಯಲ್ಲಿ. ವಾರಕ್ಕೆ ಒಂದೆರಡು ನಿಮಿಷ ಮಾತ್ರ ಏರಿಸುವುದು. ಮೈ ಸರಿಯಿಲ್ಲದ ವಾರ ಅರ್ಧಕ್ಕೆ ಇಳಿಸುವುದು, ನಿಲ್ಲಿಸುವುದಿಲ್ಲ. 25 ನಿಮಿಷ ತಲುಪಲು ಆರು ತಿಂಗಳ ಮೇಲಾಯಿತು. ಅದೇ ಹೊತ್ತಿಗೆ ಮಧ್ಯಾಹ್ನದ ಎರಡು ತಾಸಿನ ನಿದ್ದೆಯನ್ನು ಅರ್ಧ ತಾಸಿಗೆ ಇಳಿಸಿದೆ. ರಾತ್ರಿ ಒಂದೇ ಸಮನೆ ನಿದ್ದೆ ಬರತೊಡಗಿದ್ದು ಆಮೇಲೆಯೇ.

ಮನೆಯವರಿಗೆ ದಿನವೂ ಬಾಯಲ್ಲಿ ಹೇಳುವುದೇ ಒಂದು ದಣಿವು. ಅದಕ್ಕೆ ಯಂತ್ರದ ಮೇಲೆ ದಾರದ ಉಂಡೆ ಇಡುತ್ತೇನೆ: ಹಸಿರು ಇದ್ದರೆ ಅಡುಗೆ ನನ್ನದು, ಕೆಂಪು ಇದ್ದರೆ ನನ್ನನ್ನು ಕೇಳಬೇಡಿ. ಈಗ ಕೆಂಪು ಕಂಡ ದಿನ ಅತ್ತೆಯೇ ಕುಕ್ಕರ್ ಇಡುತ್ತಾರೆ.

ಕಾಯಿಲೆ ಕೆರಳಿ ಕೀಲು ಊದಿದಾಗ ಈ ಲೆಕ್ಕವೆಲ್ಲ ನಡೆಯುವುದಿಲ್ಲ. ಆಗ ಪುಸ್ತಕ ಮುಚ್ಚಿ ಡಾಕ್ಟರ ಬಳಿ ಹೋಗುತ್ತೇನೆ. ಎರಡು ವರ್ಷದಲ್ಲಿ ಅಂಥದ್ದು ಒಂದೆರಡು ಸಲ ಬಂದಿದೆ. ನಮ್ಮೂರಿನ ಬೇಸಿಗೆಯೂ ಬೇರೆಯೇ ಪ್ರಶ್ನೆ. ಏಪ್ರಿಲ್ ಬಿಸಿಲಿಗೆ 40 ನಿಮಿಷ ಕೂರಲಾಗುವುದಿಲ್ಲ. ಈಗ 30 ನಿಮಿಷ ಕೆಲಸ, 15 ವಿಶ್ರಾಂತಿ ಎಂದು ಪ್ರಯತ್ನಿಸುತ್ತಿದ್ದೇನೆ, ಎರಡರಿಂದ ನಾಲ್ಕರವರೆಗೆ ಯಂತ್ರ ಮುಚ್ಚಿರುತ್ತದೆ. ಮದುವೆ ಹಂಗಾಮಿನ ಆರ್ಡರನ್ನು ವಾರಕ್ಕೆ 14ಕ್ಕೆ ನಿಲ್ಲಿಸಿ, ಅಸ್ತರ್ ರವಿಕೆಗೆ 50 ರೂಪಾಯಿ ಏರಿಸಿದ್ದೇನೆ. ಇಲ್ಲಿಯವರೆಗೆ ಒಬ್ಬ ಗಿರಾಕಿಯೂ ಬಿಟ್ಟುಹೋಗಿಲ್ಲ.