ಬಿದ್ದ ಟೈಲ್ಸಿನ ಬೆನ್ನಿಗಿದ್ದ ಬಿಳಿ ಪುಡಿ

ಕೋಲಾರದ ನಮ್ಮ ಮನೆಯ ಬಚ್ಚಲಿಗೆ ಗೋಡೆ ಟೈಲ್ಸ್ ಹಾಕಿಸಿ ವರ್ಷವೂ ತುಂಬಿರಲಿಲ್ಲ. ಒಂದು ರಾತ್ರಿ ದಬಾರ್ ಅಂತ ಸದ್ದು. ಗೀಸರ್ ಕೆಳಗಿನ ಎರಡು ಟೈಲ್ಸ್ ಚೂರುಚೂರು. ಉಳಿದವನ್ನು ನಾಣ್ಯದಲ್ಲಿ ತಟ್ಟಿ ನೋಡಿದೆ. ಇನ್ನೂ ಹನ್ನೊಂದು ಟೊಳ್ಳು!

ಸಿಮೆಂಟ್ ಕಮ್ಮಿ ಹಾಕಿದ್ದಾರೆ ಅಂದುಕೊಂಡೆ. ಆದರೆ ಚೂರಿನ ಬೆನ್ನು ಮುಟ್ಟಿದರೆ ಬೆರಳಿಗೆ ವಿಭೂತಿ ಥರ ಬಿಳಿ ಪುಡಿ. ಸುಡುವಾಗ ಗೂಡಿನ ರೋಲರ್‌ಗೆ ಅಂಟದಿರಲಿ ಅಂತ ಫ್ಯಾಕ್ಟರಿಯಲ್ಲಿ ಹಚ್ಚುವ ಲೇಪ ಅದು. ಅದರ ಮೇಲೆ ಸಿಮೆಂಟ್ ಸರಿಯಾಗಿ ಹಿಡಿಯಲ್ಲ. ಸಾಲದ್ದಕ್ಕೆ ಟೈಲ್ಸ್ ನೆನೆಸಿಯೇ ಇರಲಿಲ್ಲ. ಸಿಮೆಂಟಿನ ನೀರನ್ನೆಲ್ಲ ಅವೇ ಕುಡಿದಿದ್ದವು.

ಈ ಸಲ ಬೇರೆ ಮೇಸ್ತ್ರಿ. ಹಳೇ ಗಾರೆ ಕೆತ್ತಿ, ಗೋಡೆಗೆ ಕಚ್ಚು ಹೊಡೆದು, ನೀರು ಚಿಮುಕಿಸಿದರು. ಟೈಲ್ಸಿನ ಬೆನ್ನು ಉಜ್ಜುವ ಕೆಲಸ ನನ್ನದು. ಗಟ್ಟಿ ಬ್ರಷ್ ಹಿಡಿದು ಕೂತೆ, ಸೊಂಟ ಹೋಯ್ತು. ಆಮೇಲೆ ಡ್ರಮ್ಮಿನಲ್ಲಿ ಮುಳುಗಿಸಿದರೆ ಸೋಡಾ ಥರ ಗುಳ್ಳೆ ಎದ್ದವು. ಗುಳ್ಳೆ ನಿಂತ ಮೇಲೂ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಒರಗಿಸಿಟ್ಟು ನೀರು ಇಳಿಸಿದೆವು. ಬೆನ್ನ ಮೇಲೆ ನೀರು ಹೊಳೀತಾ ಇದ್ದರೂ ಸಿಮೆಂಟ್ ಹಿಡಿಯಲ್ಲ ಅಲ್ವಾ.

ನೆಲದ ವಿಟ್ರಿಫೈಡ್ ಟೈಲ್ಸನ್ನೂ ಡ್ರಮ್ಮಿಗೆ ಹಾಕಲು ಹೊರಟಿದ್ದೆ. “ಸುಮ್ನಿರಿ ಸಾರ್, ಅದು ನೀರು ಕುಡಿಯಲ್ಲ” ಅಂದರು ಮೇಸ್ತ್ರಿ. ನಿಜ, ಅದು ಹೀರೋದು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ. ಗೋಡೆಯ ಸೆರಾಮಿಕ್ ಶೇ. 10ಕ್ಕಿಂತ ಜಾಸ್ತಿ ಹೀರುತ್ತೆ. ನೆಲದ್ದರ ಬೆನ್ನು ಒರೆಸಿ, ಒಣಗಿಸಿ, ಟೈಲ್ಸ್ ಅಂಟಿನಲ್ಲಿ ಕೂರಿಸಿದೆವು.

ಎರಡು ಮಳೆಗಾಲ ಕಳೆಯಿತು. ಸ್ನಾನಕ್ಕೆ ಹೋದಾಗ ಈಗಲೂ ಒಂದೆರಡು ತಟ್ಟಿ ನೋಡುತ್ತೇನೆ.