ಮನೆ ಬಿಟ್ಟು ಹೋದ ರಾತ್ರಿಯನ್ನು ಮೊದಲು ಬರೆದೆ

ನನ್ನ ಕಾದಂಬರಿಯ ಮೊದಲ ಕರಡು ಬಸ್ಸಿನಿಂದ ಶುರುವಾಗಿತ್ತು. 11 ವರ್ಷ ಮನೆಯವರ ಮುಖ ನೋಡದ ಮಗ ರಾತ್ರಿ ಹೊತ್ತು ಹುಟ್ಟೂರಿನಲ್ಲಿ ಇಳಿಯುತ್ತಾನೆ. ಮಳೆ. ಬೀದಿ ದೀಪ ಇಲ್ಲ. ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸುತ್ತದೆ. ಬರೆಯುವಾಗ ಖುಷಿಯಾಗಿತ್ತು. 80 ಪುಟ ಹಾಗೇ ಓಡಿತು. ಆಮೇಲೆ ಒಂದು ದಿನ ನಿಂತೇಬಿಟ್ಟಿತು. ಅವನು ಬಾಗಿಲು ತಟ್ಟಬೇಕು, ಅಣ್ಣ ಬಂದು ತೆಗೆಯಬೇಕು. ಅಣ್ಣನ ಬಾಯಿಂದ ಮೊದಲು ಬರುವ ಮಾತು ಯಾವುದು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಎರಡು ವಾರ ಸುಮ್ನೆ ಕೂತೆ. ಕೊನೆಗೆ ಗೊತ್ತಾಯ್ತು. ಅವನು ಬಂದದ್ದರ ಬಗ್ಗೆ ನನಗೆ ಎಲ್ಲ ತಿಳಿದಿತ್ತು, ಹೋದದ್ದರ ಬಗ್ಗೆ ಏನೂ ತಿಳಿದಿರಲಿಲ್ಲ. "ಅಪ್ಪನ ಜೊತೆ ಜಗಳವಾಡಿ ಹೋದ" ಅಂತ ಒಂದು ಸಾಲು ಬರೆದಿಟ್ಟುಕೊಂಡಿದ್ದೆ, ಅಷ್ಟೇ. ಮನೆ ಬಿಟ್ಟು ಹೋದ ಮಗ ವಾಪಸ್ ಬರುವ ಕಥೆಗೆ ಅಷ್ಟು ಸಾಕಾಗುವುದಿಲ್ಲ. ಆ ರಾತ್ರಿ ನಡೆದದ್ದು ಯಾರಿಗೋ ಗೊತ್ತಿದೆ. ಇಷ್ಟು ವರ್ಷ ಅದನ್ನು ಮುಚ್ಚಿಟ್ಟುಕೊಂಡು ಉಂಡು ಮಲಗಿದ್ದಾರೆ. ಈಗ ಇವನು ಎದುರಿಗೇ ಬಂದು ನಿಂತಿದ್ದಾನೆ. ಓದುವವರ ಎದೆ ಹೊಡೆದುಕೊಳ್ಳಬೇಕಾದದ್ದು ಅಲ್ಲಿ.

80 ಪುಟ ಪಕ್ಕಕ್ಕಿಟ್ಟು ಆ ಒಂದೇ ರಾತ್ರಿಯನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಬರೆದೆ. 8 ಗಂಟೆಗೆ ಜಗಳ. ಅಪ್ಪ ಮಗನ ಕೈ ಹಿಡಿದರು, ಮಗ ಬಿಡಿಸಿಕೊಂಡ, ಅಪ್ಪ ಆಯತಪ್ಪಿ ಬಿದ್ದರು, ತಲೆ ಮೆಟ್ಟಿಲಿಗೆ ತಾಗಿತು. ಮಗ ಹೆದರಿ ಓಡಿದ. ಒಂಬತ್ತೂವರೆಗೆ ಅಣ್ಣನ ಫೋನು: "ಅಪ್ಪ ಹೋದ್ರು ಕಣೋ. ನೀನು ತಳ್ಳಿದ್ದಕ್ಕೇ ಹೋದ್ರು. ಇನ್ನು ಈ ಕಡೆ ತಲೆ ಹಾಕಬೇಡ." ಅಮ್ಮ ಅವತ್ತು ಮನೆಯಲ್ಲಿ ಇರಲಿಲ್ಲ, ಬೆಳಗ್ಗೆ ಬಂದರು. ಊರಿಗೆಲ್ಲ ಅಣ್ಣ ಹೇಳಿದ್ದು ಅಪ್ಪ ಕಾಲು ಜಾರಿ ಬಿದ್ದರು ಅಂತ. ಅಮ್ಮನ ಕಿವಿಯಲ್ಲಿ ಮಾತ್ರ ಚಿಕ್ಕವನು ತಳ್ಳಿದ ಅಂದ. 23 ಪುಟ ಆಯ್ತು. ಅದರಲ್ಲಿ ಒಂದು ಪುಟವೂ ಪುಸ್ತಕದೊಳಗೆ ಹೋಗಿಲ್ಲ. ಆದರೆ ಅದನ್ನು ಬರೆದ ಮೇಲೆ ಅಣ್ಣ ಬಾಗಿಲು ತೆಗೆದು ಏನು ಹೇಳುತ್ತಾನೆ ಅಂತ ಯೋಚಿಸಬೇಕಾಗಲಿಲ್ಲ. ಅವನು ತಮ್ಮನ ಮುಖ ನೋಡುವ ಮೊದಲು ಅವನ ಹಿಂದೆ ಬೀದಿ ನೋಡುತ್ತಾನೆ. "ಬರುವಾಗ ಯಾರಾದ್ರೂ ನೋಡಿದ್ರಾ?" ಅನ್ನುತ್ತಾನೆ.

ಆಮೇಲೆ ಒಂದು ನೋಟ್ ಬುಕ್ ತೆಗೆದುಕೊಂಡು ಪ್ರತಿ ಪಾತ್ರಕ್ಕೂ ಎರಡು ಪುಟ ಕೊಟ್ಟೆ. ಈ ವ್ಯಕ್ತಿ ಕಣ್ಣಾರೆ ಕಂಡದ್ದೇನು, ಬೇರೆಯವರಿಂದ ಕೇಳಿದ್ದೇನು, ನಂಬಿರುವುದೇನು, ಬಾಯಲ್ಲಿ ಹೇಳುವುದೇನು. ಈ ನಾಲ್ಕೂ ಒಂದೇ ಆಗಿರುವ ಪಾತ್ರ ಸಿಕ್ಕಿದರೆ ಅದು ಥ್ರಿಲ್ಲರ್‌ಗೆ ಬೇಡದ ಪಾತ್ರ ಅಂತ ತೀರ್ಮಾನಿಸಿದೆ. ಹಾಗೆ ಮೂವರನ್ನು ತೆಗೆದುಹಾಕಿದೆ. ಒಬ್ಬ ಹಳೇ ಸ್ನೇಹಿತ ಇದ್ದ, ನನಗೆ ತುಂಬ ಇಷ್ಟದವನು. ಅವನನ್ನು ಕೈಬಿಡೋಕೆ ಮನಸ್ಸು ಬರಲಿಲ್ಲ, ಆದರೂ ಬಿಟ್ಟೆ.

ಇನ್ನು ಅವನು ಈಗಲೇ ಯಾಕೆ ಬಂದ? ಈ ಥರದ ಕಥೆಗಳಲ್ಲಿ ಸಾಮಾನ್ಯವಾಗಿ ಸಾವಿನ ಸುದ್ದಿ ಬರುತ್ತೆ, ಇಲ್ಲಾ ಆಸ್ತಿ ಪಾಲಿನ ಪತ್ರ ಬರುತ್ತೆ. ಎರಡೂ ಹೊರಗಿನಿಂದ ಬಂದು ಅವನನ್ನು ಎಳೆದುಕೊಂಡು ಹೋಗುವ ಕಾರಣಗಳು. ಅವನ ಒಳಗಿನಿಂದಲೇ ಏಳುವ ಕಾರಣ ನನಗೆ ಬೇಕಿತ್ತು. ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ಸಂಗತಿ. ವರ್ಷಕ್ಕೊಮ್ಮೆ, ಒಂದು ನಿಗದಿತ ದಿನ, ಅವನು ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಾನೆ. ಮಾತಾಡುವುದಿಲ್ಲ. ಅಮ್ಮ "ಹಲೋ" ಅಂದದ್ದನ್ನು ಕೇಳಿಸಿಕೊಂಡು ಇಡುತ್ತಾನೆ. 11ನೇ ವರ್ಷ ಫೋನ್ ಹೋಗುವುದಿಲ್ಲ. ಅಮ್ಮ ಇದ್ದಾರೋ ಇಲ್ಲವೋ ಅಂತ ಅವನಿಗೆ ತಿಳಿಯಲೇಬೇಕು. ಹೊರಡುತ್ತಾನೆ.

ಇಲ್ಲಿವರೆಗೆ ನನ್ನ ಹತ್ತಿರ ಒಂದು ಸಂಸಾರದ ಕಥೆ ಇತ್ತು. ಅದನ್ನು ಥ್ರಿಲ್ಲರ್ ಮಾಡಿದ್ದು ಕಾನೂನಿನ ಒಂದು ಸಾಲು. ಅವನು ಇಲ್ಲದ 11 ವರ್ಷದಲ್ಲಿ ಮನೆ ಯಾರ ಹೆಸರಿಗೆ ಹೋಗಿರುತ್ತೆ ಅಂತ ತಿಳಿಯೋಕೆ ಹೊರಟಿದ್ದೆ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಸಿಕ್ಕಿತು. ಅದೇ ನಿಯಮ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಆಗಿದೆ. ಒಬ್ಬ ಮನುಷ್ಯನ ಸುದ್ದಿ 7 ವರ್ಷ ಇಲ್ಲ ಅಂತಾದರೆ, ಅವನು ಬದುಕಿದ್ದಾನೆ ಅಂತ ಸಾಧಿಸುವ ಹೊಣೆ ಹಾಗೆ ಹೇಳುವವರ ಮೇಲೆ ಬೀಳುತ್ತದೆ. ಅಂದರೆ ಕೋರ್ಟು ಅವನು ಸತ್ತಿದ್ದಾನೆ ಅಂತ ಊಹಿಸಿಕೊಳ್ಳಬಹುದು. ಯಾವತ್ತು ಸತ್ತ ಅನ್ನುವುದನ್ನು ಆ ಊಹೆ ಹೇಳುವುದಿಲ್ಲ. ಅವನು ಜೀವಂತ ಬಂದು ನಿಂತರೆ ಊಹೆ ಅಲ್ಲಿಗೇ ಬಿದ್ದುಹೋಗುತ್ತೆ.

ಸರಿ, ಅಣ್ಣ 9ನೇ ವರ್ಷ ಕೋರ್ಟಿಗೆ ಹೋಗಿ ತಮ್ಮ ಸತ್ತಿದ್ದಾನೆ ಅಂತ ಆದೇಶ ತಂದಿದ್ದಾನೆ. ಈಗ ಮನೆ ಮಾರುವ ಮಾತುಕತೆ ನಡೆಯುತ್ತಿದೆ. ಆಗಲೇ ತಮ್ಮ ಬರುತ್ತಾನೆ. ರಾತ್ರಿ ಬಂದಿದ್ದಾನೆ, ಯಾರೂ ನೋಡಿಲ್ಲ. ಕಾಗದದ ಮೇಲೆ ಆಗಲೇ ಸತ್ತವನನ್ನು ಕೊಂದರೆ ಹುಡುಕುವವರು ಯಾರು? ಇದನ್ನು ನೋಟ್ ಬುಕ್ಕಿನಲ್ಲಿ ಬರೆದಾಗ ನನ್ನ ಕೈ ನಿಜವಾಗಲೂ ತಣ್ಣಗಾಯ್ತು. "ಬರುವಾಗ ಯಾರಾದ್ರೂ ನೋಡಿದ್ರಾ?" ಅನ್ನುವ ಮಾತಿನ ಅರ್ಥ ನನಗೂ ಆಗಲೇ ಪೂರ್ತಿ ತಿಳಿದದ್ದು.

ಆದರೆ ಆ ಕಲಮಿನಲ್ಲಿ ಇನ್ನೊಂದು ಮಾತಿದೆ. ಮೊದಲ ಓದಿನಲ್ಲಿ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಸುದ್ದಿ ಇಲ್ಲದಿರಬೇಕಾದದ್ದು ಯಾರಿಗೆ? ಅವನು ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಿಳಿಯುತ್ತಿತ್ತೋ ಅವರಿಗೆ. ಅಮ್ಮನಿಗಿಂತ ಹತ್ತಿರದವರು ಇನ್ಯಾರು? ಆ ಅಮ್ಮನಿಗೆ ಪ್ರತಿ ವರ್ಷ ಫೋನ್ ಬಂದಿದೆ. ಆ ಮೌನ ಯಾರದ್ದು ಅಂತ ಅವರಿಗೆ ತಿಳಿಯದೇ ಇರುತ್ತಾ? ಹಾಗಾದರೆ ಕೋರ್ಟಿನಲ್ಲಿ ಮಗನ ಸುದ್ದಿಯೇ ಇಲ್ಲ ಅಂತ ಹೇಳಿದಾಗ ಅಮ್ಮ ಸುಳ್ಳು ಹೇಳಿದ್ದಾರೆ. ಯಾಕೆ? ಚಿಕ್ಕವನೇ ಗಂಡನನ್ನು ಕೊಂದ ಅಂತ ಅವರು ನಂಬಿದ್ದಾರೆ. ಸತ್ತವನನ್ನು ಪೊಲೀಸರು ಹುಡುಕುವುದಿಲ್ಲ ಅಂತಲೂ ನಂಬಿದ್ದಾರೆ. ಮಗ ಬದುಕಲಿ ಅಂತ ಮಗ ಸತ್ತ ಅಂದಿದ್ದಾರೆ. ಅಲ್ಲಿವರೆಗೆ ನನ್ನ ಕರಡಿನಲ್ಲಿ ಅಮ್ಮ ಮೂಲೆಯಲ್ಲಿ ಕೂತು ಅಳುವ ಪಾತ್ರ ಆಗಿದ್ದರು. ಅವತ್ತಿನಿಂದ ಕಾದಂಬರಿ ಅವರ ಸುತ್ತಲೇ ತಿರುಗಿತು.

ಎರಡನೇ ದೊಡ್ಡ ತಿರುವು ಒಂದು ತಪ್ಪಿನಿಂದ ಬಂತು. ಅಪ್ಪ 9 ಗಂಟೆ ಹೊತ್ತಿಗೇ ತೀರಿಕೊಂಡರು ಅಂತ ನಾನೂ ಆಗ ಅಂದುಕೊಂಡಿದ್ದೆ. ಬೆಳಗ್ಗೆ 6ಕ್ಕೆ ಪಕ್ಕದ ಮನೆಯಾಕೆ ಬಂದು ಹೆಣದ ಕೈಗಳನ್ನು ಎದೆ ಮೇಲೆ ಜೋಡಿಸುತ್ತಾರೆ. "ಮಲಗಿದ ಮಗುವಿನ ಕೈ ಥರ ಮೆತ್ತಗೆ ಬಂತು ಕಣಪ್ಪ" ಅಂತ ವರ್ಷಗಳ ನಂತರ ಮಗನಿಗೆ ಹೇಳುತ್ತಾರೆ. ಸಾಲು ಚೆನ್ನಾಗಿದೆ ಅಂತ ಇಟ್ಟುಕೊಂಡಿದ್ದೆ. ಕರಡು ಓದಿದ ಒಬ್ಬ ವೈದ್ಯರು ಅದರ ಕೆಳಗೆ ಗೆರೆ ಎಳೆದು, "ಹೀಗಾಗುವುದಿಲ್ಲ" ಅಂತ ಬರೆದಿದ್ದರು. ಸತ್ತ ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯೋಕೆ ಶುರುವಾಗುತ್ತದೆ. ರೆಪ್ಪೆ, ದವಡೆ, ಕುತ್ತಿಗೆಯಲ್ಲಿ ಮೊದಲು ಗೊತ್ತಾಗುತ್ತೆ, ಆಮೇಲೆ ಕೈಕಾಲಿಗೆ ಬರುತ್ತೆ. ಸುಮಾರು 12 ಗಂಟೆ ಹೊತ್ತಿಗೆ ಇಡೀ ಮೈ ಬಿಗಿಯುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. 9 ಗಂಟೆ ಕಳೆದ ಹೆಣದ ಕೈ ಹಾಗೆ ಸಲೀಸಾಗಿ ಮಡಚುವುದಿಲ್ಲ.

ಆ ಸಾಲು ಹೊಡೆದುಹಾಕೋಕೆ ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಒಂದು ಯೋಚನೆ ಬಂತು. ಆಕೆ ಹೇಳಿದ್ದೇ ನಿಜವಾಗಿದ್ದರೆ? ಹಾಗಿದ್ದರೆ ಅಪ್ಪ ಸತ್ತದ್ದು ಬೆಳಗಿನ ಜಾವ. ಒಂಬತ್ತೂವರೆಗೆ ಅಣ್ಣ ಫೋನ್ ಮಾಡಿದಾಗ ಅವರು ಬದುಕಿದ್ದರು!

ಇಡೀ ಕಾದಂಬರಿಯ ಗುಟ್ಟು ಆ ಮೆತ್ತನೆ ಕೈಯಲ್ಲಿ ಕೂತಿತು. ಮತ್ತೆ ಆ ವೈದ್ಯರನ್ನೇ ಕೇಳಿದೆ. ತೀರಾ ಬಡಕಲಾದ, ವಯಸ್ಸಾದ ದೇಹದಲ್ಲಿ ಸೆಟೆತ ಅಷ್ಟಾಗಿ ತಿಳಿಯದೇ ಇರಬಹುದು, ಓದುವವರಿಗೆ ಅನುಮಾನ ಉಳಿಯುತ್ತೆ ಅಂದರು. ಹಾಗಾಗಿ ಅಪ್ಪನ ವಯಸ್ಸು 74ರಿಂದ 58ಕ್ಕೆ ಇಳಿಸಿದೆ, ಗಟ್ಟಿಮುಟ್ಟಾದ ಆಳು ಮಾಡಿದೆ. ವಿವರಣೆಯನ್ನು ಮಾತ್ರ ಆ ಜಾಗದಲ್ಲಿ ಕೊಡಲಿಲ್ಲ. ಪಕ್ಕದ ಮನೆಯಾಕೆಯ ಮಾತನ್ನು 5ನೇ ಅಧ್ಯಾಯದಲ್ಲಿ, ಸಮಾಧಾನದ ಮಾತಿನ ಥರ ಇಟ್ಟೆ. ಮಗ ಕೇಳಿ ಕಣ್ಣೊರೆಸಿಕೊಳ್ಳುತ್ತಾನೆ. ಅದರ ಅರ್ಥ ಅವನಿಗೆ ತಿಳಿಯುವುದು 21ನೇ ಅಧ್ಯಾಯದಲ್ಲಿ.

ಅಣ್ಣನ ವಿಷಯ ಇದರಿಂದ ಬದಲಾಯ್ತು. ಮೊದಲಿನಿಂದ ಕೊಲ್ಲಬೇಕು ಅಂತಲೇ ಇದ್ದ ಮನುಷ್ಯನನ್ನು ಬರೆಯೋಕೆ ನನಗೆ ಆಸಕ್ತಿ ಇಲ್ಲ. ಒಂಬತ್ತೂವರೆಗೆ ಅವನು ಫೋನ್ ಮಾಡಿದಾಗ ಅಪ್ಪ ಸತ್ತರು ಅಂತ ನಿಜವಾಗಿ ನಂಬಿದ್ದ. 11 ಗಂಟೆಗೆ ಅಪ್ಪ ನರಳಿದರು. ಆಗ ಅವನು ಎದ್ದು ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ, ಕುರ್ಚಿಯಲ್ಲಿ ಕೂತ. ಬೆಳಗಿನವರೆಗೆ ಕೂತೇ ಇದ್ದ. ಅವನು ಮಾಡಿದ್ದು ಅಷ್ಟೇ. ಆ ಕುರ್ಚಿಯನ್ನು 11 ವರ್ಷ ಆದಮೇಲೂ ಅವನು ಮನೆಯಿಂದ ಆಚೆ ಹಾಕಿಲ್ಲ, ಅದರ ಮೇಲೆ ಕೂರುವುದೂ ಇಲ್ಲ. ತಮ್ಮ ಬಂದ ರಾತ್ರಿ ಗೊತ್ತಿಲ್ಲದೆ ಅದರ ಮೇಲೆ ಕೂರುತ್ತಾನೆ.

ಮಗನ ನೆನಪಿನ ಬಗ್ಗೆಯೂ ತುಂಬ ತಲೆ ಕೆಡಿಸಿಕೊಂಡೆ. ಕೈ ಬಿಡಿಸಿಕೊಂಡವನು ತಾನು ತಳ್ಳಿದೆ ಅಂತ 11 ವರ್ಷ ನಂಬಿರೋಕೆ ಸಾಧ್ಯವಾ? 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಪ್ರಯೋಗ ಓದಿದ ಮೇಲೆ ಧೈರ್ಯ ಬಂತು. ಕಾರುಗಳು ಡಿಕ್ಕಿಯಾಗುವ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ "ತಾಗಿದಾಗ" ಅನ್ನುವ ಅರ್ಥದ ಮಾತಿನಲ್ಲಿ, ಕೆಲವರಿಗೆ "ಗುದ್ದಿ ನುಚ್ಚುನೂರಾದಾಗ" ಅನ್ನುವ ಥರದ ಮಾತಿನಲ್ಲಿ. ಮಾತು ಜೋರಾದಷ್ಟೂ ಜನ ಹೇಳಿದ ವೇಗವೂ ಜಾಸ್ತಿ. ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂತ ಕೇಳಿದಾಗ, ಜೋರಿನ ಮಾತು ಕೇಳಿಸಿಕೊಂಡ 50 ಜನರಲ್ಲಿ 16 ಜನ ಹೌದು ಅಂದರು. ಮೆತ್ತನೆ ಮಾತು ಕೇಳಿದ 50 ಜನರಲ್ಲಿ 7. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಒಂದು ಕ್ರಿಯಾಪದಕ್ಕೆ ಅಷ್ಟು ಶಕ್ತಿ ಇದ್ದರೆ, ಅಪ್ಪನ ಸಾವಿನ ರಾತ್ರಿ ಅಣ್ಣನ ಬಾಯಿಂದ ಕೇಳಿದ "ತಳ್ಳಿದ್ದಕ್ಕೇ" ಅನ್ನುವ ಪದ ಏನು ಮಾಡಿರಬೇಡ?

ಹಾಗಾಗಿ ಆ ಜಗಳದ ನೆನಪು ಪುಸ್ತಕದಲ್ಲಿ ನಾಲ್ಕು ಸಲ ಬರುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಅದೇ ವಾಕ್ಯಗಳು, ಒಂದು ಪದ ಬೇರೆ. ಮೊದಲ ಸಲ "ತಳ್ಳಿದೆ". ಎರಡನೇ ಸಲ "ದೂಡಿದೆ". ಮೂರನೇ ಸಲ "ಕೊಡವಿದೆ". ಕೊನೆಯ ಸಲ "ಬಿಡಿಸಿಕೊಂಡೆ". ಆ ಕೊನೆಯ ಪದ ಬರುವ ಹೊತ್ತಿಗೆ ಅವನ ಮಣಿಕಟ್ಟಿಗೆ ಅಪ್ಪನ ಹಿಡಿತ ನೆನಪಾಗುತ್ತದೆ. ಅಲ್ಲಿಯವರೆಗೆ ಆ ನೆನಪಿನಲ್ಲಿ ಅಪ್ಪನಿಗೆ ಕೈಗಳೇ ಇರಲಿಲ್ಲ. ಕೆಲವು ಓದುಗರಿಗೆ ಇದು ಗೊತ್ತಾಗದೇ ಹೋಗಬಹುದು. ಆದರೂ ಹೀಗೇ ಬರೆಯಬೇಕು ಅನ್ನಿಸಿತು.

ಅಣ್ಣನಿಂದ ಜೀವಕ್ಕೆ ಅಪಾಯ ಇದೆ ಅನ್ನುವುದನ್ನು ಓದುಗರಿಗೆ ಯಾವಾಗ ಹೇಳಬೇಕು ಅನ್ನುವ ಗೊಂದಲವೂ ಇತ್ತು. ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಇನ್ನೊಬ್ಬ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಜೊತೆ ಮಾತಾಡುವಾಗ ಕೊಟ್ಟ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಇಲ್ಲಿ ನೆರವಿಗೆ ಬಂತು. ಬಾಂಬ್ ಇರುವುದು ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡಿನ ಬೆಚ್ಚು. ಮೊದಲೇ ತೋರಿಸಿದರೆ 15 ನಿಮಿಷದ ಆತಂಕ. ನಾನು ಕೋರ್ಟಿನ ಆದೇಶವನ್ನು 3ನೇ ಅಧ್ಯಾಯದಲ್ಲೇ ಓದುಗರಿಗೆ ತೋರಿಸಿಬಿಟ್ಟೆ. ಮಗನಿಗೆ ತೋರಿಸಲಿಲ್ಲ. ಅಲ್ಲಿಂದ ಮುಂದೆ ಅಣ್ಣ "ಹೊರಗೆ ಹೋಗಬೇಡ, ದಣಿದಿದ್ದೀಯ, ಎರಡು ದಿನ ಮನೆಯಲ್ಲೇ ಮಲಗು" ಅಂದಾಗೆಲ್ಲ ಓದುವವರು ಒದ್ದಾಡುತ್ತಾರೆ. ಆ ಮಾತನ್ನು ಪ್ರೀತಿಯಿಂದಲೇ ಹೇಳಿಸಿದ್ದೇನೆ. ಅಣ್ಣನಿಗೆ ಪ್ರೀತಿ ಇರುವುದೂ ನಿಜ.

ಉಳಿದ ಕೆಲಸ ಸಾಮಾನ್ಯವಾದದ್ದು. ಮಳೆ ತೆಗೆದೆ. ಬೆನ್ನಟ್ಟುವ ದೃಶ್ಯ ಎರಡಿತ್ತು, ಒಂದು ಸಾಕಾಯ್ತು. ಬಸ್ಸಿನ ಮೊದಲ ಅಧ್ಯಾಯ ಒಂದೂವರೆ ಪುಟಕ್ಕೆ ಇಳಿಯಿತು.

ಕೊನೆವರೆಗೂ ಕೈಗೆ ಸಿಗದೆ ಸತಾಯಿಸಿದ್ದು ಅಮ್ಮ ಮಗ ಮೊದಲ ಸಲ ಎದುರಾಗುವ ದೃಶ್ಯ. ಒಂಬತ್ತು ಸಲ ಬರೆದೆ. ಅಳು ಇತ್ತು, ಅಪ್ಪುಗೆ ಇತ್ತು, "ಇಷ್ಟು ದಿನ ಎಲ್ಲಿದ್ದೆ" ಇತ್ತು. ಯಾವುದೂ ಆ ಅಮ್ಮನ ಮಾತಾಗಿರಲಿಲ್ಲ. ಅವರು ಅವನು ಬದುಕಿದ್ದಾನೆ ಅಂತ ತಿಳಿದವರು, ಅದಕ್ಕಾಗಿ ಸುಳ್ಳು ಹೇಳಿದವರು, ಈ ವರ್ಷ ಆ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಫೋನಿನ ಪಕ್ಕ ಕೂತು ಕಾದವರು. ಹತ್ತನೇ ಸಲ ಅವರು ಕೇಳಬೇಕಾದ ಒಂದೇ ಮಾತು ತಾನಾಗಿ ಬಂತು.

"ಈ ವರ್ಷ ಯಾಕೋ ಮಾಡ್ಲಿಲ್ಲ?"

"ಮಾಡ್ದೆ ಅಮ್ಮ. ಹೋಗ್ಲೇ ಇಲ್ಲ."

ಇಬ್ಬರೂ ಸ್ಟೂಲಿನ ಮೇಲಿರುವ ಫೋನಿನ ಕಡೆ ತಿರುಗುತ್ತಾರೆ. ಅಮ್ಮ ಅದನ್ನು ದಿನಾ ಒರೆಸುತ್ತಾರೆ, ಧೂಳಿಲ್ಲ. ಮಗ ಬಗ್ಗಿ ತಂತಿ ಹಿಡಿದು ಮೆಲ್ಲಗೆ ಎಳೆಯುತ್ತಾನೆ. ಅದು ಗೋಡೆಯ ಕಡೆಯಿಂದ ಸಲೀಸಾಗಿ ಬಂದು ಅವನ ಕೈಗೆ ಸೇರುತ್ತದೆ, ತುದಿ ಚೂಪಾಗಿ ಕತ್ತರಿಸಿದ್ದು. ಹೊರಗಡೆ ಅಣ್ಣ ಗೇಟಿಗೆ ಒಳಗಿನಿಂದ ಬೀಗ ಹಾಕುವ ಸದ್ದು ಕೇಳುತ್ತದೆ. 4ನೇ ಅಧ್ಯಾಯವನ್ನು ಅಲ್ಲಿಗೆ ನಿಲ್ಲಿಸಿದೆ.